ಎರಡು ಪಾಯಿಂಟ್ ಹದಿನೇಳು

ಪೀಣ್ಯ ಎರಡನೇ ಹಂತ, ರಾತ್ರಿ ಪಾಳಿ.
ಕೂಲೆಂಟ್ ಜಿಡ್ಡಿನ ಕೀಲಿಮಣೆಯಲ್ಲಿ ಸಫೂರಾ ಕೇಳುತ್ತಾಳೆ:
ಸಿ ಲೈಬ್ರರಿಯೇ, ನಿನ್ನದು ಎಷ್ಟನೇ ಆವೃತ್ತಿ?
ಎರಡು ಪಾಯಿಂಟ್ ಹದಿನೇಳು.
ಹೊಸ ಪ್ರೋಗ್ರಾಮಿಗೆ ಇಪ್ಪತ್ತೆಂಟೇ ಬೇಕಂತೆ.

"ಒಂದು ಫೈಲ್ ತಾನೇ, ಬದಲಾಯಿಸಮ್ಮ,"
ಮೇಸ್ತ್ರಿ ಗಂಗಹನುಮಯ್ಯ ಆಕಳಿಸುತ್ತಾರೆ.
ಒಂದೇ.
ಪಟ್ಟಿ ಮಾಡುವುದು, ನಕಲು ಮಾಡುವುದು, ಅಳಿಸುವುದು
ನಿಂತದ್ದು ಅದರ ಮೇಲೆ;
ಕೆಟ್ಟರೆ ಹಳೆಯದನ್ನು ವಾಪಸ್ ಇಡುವ ಕೈಯೂ.
ಮೋರಿ ಚಪ್ಪಡಿಯ ಮೇಲೆ ನಿಂತು
ಅದೇ ಚಪ್ಪಡಿ ಎತ್ತಿದ ಹಾಗೆ.

ಪಕ್ಕದಲ್ಲೊಂದು ಗೂಡು ಮಾಡಿ ಹೊಸದನ್ನಿಟ್ಟಳು,
ಆ ಒಂದು ಪ್ರೋಗ್ರಾಮಿಗಷ್ಟೇ ದಾರಿ ತೋರಿಸಿದಳು.
ಸ್ಪಿಂಡಲ್ ತಿರುಗಿತು.
ಮತ್ತೆ ಕೇಳಿದಳು: ಹದಿನೇಳೇ.

ಡಬ್ಬದ ಮೇಲೆ ಮಾರ್ಕರಿನಲ್ಲಿ
"2.17 ಮುಟ್ಟಬೇಡಿ" ಎಂದು ಬರೆಯಲು
ಧೂಳು ಒರೆಸಿದರೆ
ಕೆಳಗೆ ಯಾರದೋ ಮಾಸಿದ ಅಕ್ಷರ:
"2.12 ಮುಟ್ಟಬೇಡಿ."