ಮ್ಯಾಲಿನ ಅಟ್ಟ

ಖಡಕಿ ಬಾಜಾರ, ಮಸೂತಿ ಹಿಂದಿನ ಓಣಿ.
ಕೆಳಗ ನಮ್ಮ ಗಿರಣಿ: ಜ್ವಾಳ, ಸಜ್ಜಿ, ಗೋಧಿ.
ಮ್ಯಾಲ ಅಟ್ಟ. ತಿಂಗಳಿಗೆ ನಾಕು ಸಾವಿರ ಬಾಡಿಗಿ ಕೊಟ್ಟು
ಮೂರು ಮಂದಿ ಅಲ್ಲಿ ಮೆಟಲ್ ಬಾರಸ್ತಾರ.

ಬ್ಯಾರೆ ಎಲ್ಲೂ ಸಿಗಲಿಲ್ಲೇನು, ಕೇಳಿದ್ದೆ ಮೊದಲ ದಿನ.
ಓವೀ ಮರಾಠಿಯೊಳಗ ಅಂದಳು:
ಎಲ್ಲಾ ಕಡೆ ನಮ್ಮದು ಗದ್ದಲ ಅಂತಾರ, ಮಾವಶೀ.
ಇಲ್ಲಿ ನಿಮ್ಮದ ಹೆಚ್ಚದ.

ಖರೇ ಅದು.
ನಾ ಈ ಊರಾಗ ಕನ್ನಡ ಮಾತಾಡೂದು ಇಬ್ಬರ ಕೂಡ,
ಗಿರಣಿ ಕೂಡ, ನಮ್ಮನಿಯವ್ರ ಕೂಡ.
ಇಬ್ಬರಿಗೂ ಕೇಳ್ಸೂದಿಲ್ಲ.

ಪಟ್ಟಾಕ್ಕ ಒಂದು ಹೊಲಿಗಿ ಅದ, ನಾನೇ ಹಾಕಿದ್ದು.
ಗಾಲಿ ಮ್ಯಾಲ ಹಾಯೂಮುಂದ ಪ್ರತಿ ಸರ್ತಿ ಟಕ್ ಅಂತದ.
ಡೆನ್ಸಿಲ್ ಪಾವಟಿಗಿ ಮ್ಯಾಲ ಕುಂತು ಬೆರಳು ಮಡಚಿದ:
ಟಕ್, ಎರಡು, ಮೂರು, ನಾಕು, ಐದು, ಆರು, ಏಳು,
ಟಕ್.
ನಿಮ್ಮ ಗಿರಣಿ ಎಂಟಕ್ಕ ಹೋಗೂದಿಲ್ಲ, ಅಂದ.
ಹಿಟ್ಟು ಸಣ್ಣ ಬಂದ್ರ ಆತು, ಅಂದೆ ನಾನು.
ಅವತ್ತಿಂದ ಅವರ ಹಾಡು ಏಳಕ್ಕ ಕುಂಟ್ತದ.
ಎತ್ತಿದ ಕಾಲು ಇಡಬೇಕಾದಲ್ಲೆ ಇಡೂದಿಲ್ಲ,
ಬೀಳ್ತದ ಅನ್ನೂದ್ರಾಗ ಇಡ್ತದ.

ಇವರಿಗೆ ಕಿವಿ ಹೋಗಿ ಒಂಬತ್ತು ವರ್ಷ.
ಮೂವತ್ತೊಂದು ವರ್ಷ ಕಲ್ಲಿನ ಬಾಜೂಕ ನಿಂತವ್ರು,
ಕಲ್ಲು ಕಾಳಿನ ಜೋಡಿ ಇವರ ಕಿವೀನೂ ಬೀಸಿತು.
ಈಗ ಸಂಜೀಕ ಕುರ್ಚಿ ಎಳಕೊಂಡು
ಗ್ವಾಡಿಗೆ ಅಂಗೈ ಹಚ್ಚಿ ಕೂಡ್ತಾರ.
ಮ್ಯಾಲ ಎಂಟು ತಂತಿ ಒಮ್ಮೆಲೇ ಬಿದ್ದಾಗ
ಸುಣ್ಣ ಉದುರ್ತದ,
ಮೊಳಿಗೆ ಹಾಕಿದ ಕೀಲಿಕೈ ಜೋಲಿ ಹೊಡೀತಾವ,
ಇವರ ಮುಖಕ್ಕ ಒಂದು ನಗಿ ಬರ್ತದ,
ಲಗ್ನದ ಫೋಟೋದಾಗೂ ಇಲ್ಲ ಅಂಥಾದ್ದು.
ಸೂಫಿಯಾನ ಹೊಟ್ಟಿಯಿಂದ ಒದರ್ತಾನಲ್ಲ,
ಓಣಿ ನಾಯಿ ಎದ್ದು ಹೋಗ್ತಾವ,
ಅದನ್ನ ಇವರು ಬೆಲ್ಲದ್ಹಂಗ
ಅಂಗೈಲೇ ಚೀಪ್ತಾರ.

ತೊಡಕು ಬರೂದು ನಾಕನೇ ಹಾಡಿಗೆ. ಹನ್ನೊಂದು ನಿಮಿಷದ್ದು.
ಆರನೇ ನಿಮಿಷಕ್ಕ ಎಲ್ಲಾ ನಿಂದರ್ತದ.
ಓವೀ ಒಬ್ಬಾಕಿನ, ಒಂದೊಂದ ತಂತಿ.
ಸಸೂನ್ ದವಾಖಾನಿಯೊಳಗ ಹೋದ ತಂಗಿಗೆ
ಮಾತು ಕಲಿಸಿದ ಹಂಗ ಸೂಫಿಯಾನ ಮೆಲ್ಲಗ ಹಾಡ್ತಾನ.
ಅದು ಗ್ವಾಡಿ ಇಳಿಯೂದಿಲ್ಲ.
ಇವರು ಕೈ ತಗದು ನನ್ನ ಕಡೆ ನೋಡ್ತಾರ:
ಮುಗೀತೇನು?

ಮುಗದಿಲ್ರೀ. ಹ್ಯಾಂಗ ಹೇಳ್ಲಿ.
ಬೆನ್ನಿನ ಮ್ಯಾಲ, ಅಂಗಿ ಮ್ಯಾಲಿಂದ,
ಓವೀ ಮುಟ್ಟಿದಷ್ಟೇ ಬೆರಳಿಂದ ಮುಟ್ಟಿ ತೋರಿಸ್ತೀನಿ.
ನಡುವ ಒಂದೆರಡು ತಪ್ಪತಾವ.
ಮೊದಮೊದಲ ನಾಚಿಕಿ ಬರ್ತಿತ್ತು,
ಈಗ ಗಿರಾಕಿ ಬಂದ್ರೂ ಬಿಡೂದಿಲ್ಲ.

ರೆಕಾರ್ಡಿಂಗ್ ವಾರ, ಎರಡರಿಂದ ನಾಕು ಗಿರಣಿ ಬಂದ್.
ಡಬ್ಬಿ ಸಾಲು ಹಚ್ಚಿ ಮಂದಿ ಬೈದ್ರು.
ಗುರುವಾರ ಶೇವಂತಾಬಾಯಿ ಬಂದಳು,
ಮನ್ಯಾಗ ಬಾಣಂತಿ, ಸಜ್ಜಿ ಹಿಟ್ಟು ಈಗಿಂದೀಗ ಬೇಕು.
ಮರತು ಗುಂಡಿ ಒತ್ತಿಬಿಟ್ಟೆ.
ಮ್ಯಾಲ ಆರನೇ ನಿಮಿಷ.
ಮೂವರೂ ದಡದಡ ಇಳದು ಬಂದ್ರು.
ಬೈತಾರ ಅಂತ ಸೆರಗು ಬಿಗದು ನಿಂತೆ.
ಡೆನ್ಸಿಲ್ ಅಂದ: ಬಂದ್ ಮಾಡಬ್ಯಾಡ್ರಿ.
ಸಜ್ಜಿ ತೀರೂತನಕ ಹಂಗ ಇರ್ಲಿ.

ಪಿತೃಪಕ್ಷ ಮುಗದ ಮ್ಯಾಲ ಆಲ್ಬಮ್ ಬಂತು.
ಒಳಗಿನ ಹಾಳಿ ತುಂಬ ಇಂಗ್ಲಿಷ್ ಇರಿವಿ ಸಾಲು.
ಓವೀ ಬೆರಳಿಟ್ಟು ಓದಿದಳು: ಗಿಟಾರು ನಾನು,
ಡ್ರಮ್ಮು ಡೆನ್ಸಿಲ್, ನಾಕನೇ ಹಾಡಿಗೆ ಗಿರಣಿ,
ಅಂತ ಇವರ ಹೆಸರು ಓದಿದಳು,
ಮೂವತ್ತೆಂಟು ವರ್ಷ ನನ್ನ ಬಾಯಿ ದಾಟದ ಹೆಸರು.
ಚಾಲೂ ಮಾಡಿದಾಕಿ ನಾನು, ಅಂದೆ.
ಆಕಿ ಮುಖ ಸಣ್ಣ ಮಾಡಿದಳು:
ನಿಮ್ಮ ಹೆಸರು ಯಾರಿಗೂ ಗೊತ್ತಿರಲಿಲ್ಲ, ಮಾವಶೀ.
ಬೋರ್ಡಿನ ಮ್ಯಾಲ ಇವರದ ಇತ್ತು.

ಇರ್ಲಿ ಬಿಡು, ಅಂದೆ. ಇರಲಿಲ್ಲ ಅದು.

ಸ್ಪೀಕರ್ ಗ್ವಾಡಿಗೆ ಒತ್ತಿ ಇಟ್ಟು ಹಚ್ಚಿದ್ರು.
ಆರನೇ ನಿಮಿಷ ಬಂತು. ಓವೀ ತಂತಿ ಬಂತು,
ಅದರ ಕೆಳಗ ನಮ್ಮ ಕಲ್ಲು, ಏಳಕ್ಕೊಮ್ಮೆ ಟಕ್.
ಇವರು ಕೈ ತಗೀಲಿಲ್ಲ. ಮುಗೀತೇನು ಅನ್ನಲಿಲ್ಲ.
ನನ್ನ ಬೆರಳಿಗೆ ಕೆಲಸ ಇರಲಿಲ್ಲ,
ಆದ್ರೂ ಬೆನ್ನಿನ ಮ್ಯಾಲ ಇಟ್ಟೆ.
ಭಾಳ ಹೊತ್ತು ಕೇಳಿ ಇವರು ಅಂದ್ರು:
ಕಲ್ಲು ಸವದದ. ಟಾಕಿ ಹೊಡೀಬೇಕು.
ಹೇಳು ಹುಡುಗರಿಗೆ.