ಒಂದು ‘ಸು’ ಇಲ್ಲದ ಊರು

ಸ್ವೇಲ್‌ಡೇಲಿನ ಗುಡ್ಡಗಳಲ್ಲಿ ಗಾರೆಯಿಲ್ಲದ ಗೋಡೆಗಳು
ಹತ್ತುತ್ತವೆ, ಇಳಿಯುತ್ತವೆ,
ಗೀಟಿಲ್ಲದ ಹಾಳೆಯಲ್ಲಿ ಮಗು ಬರೆದ ಸಾಲುಗಳ ಹಾಗೆ.
ಹೆಸ್ಟರ್ ರಾ, ವಯಸ್ಸು ಹತ್ತು, ನೋಟ್‌ಬುಕ್ಕಿನಲ್ಲಿ ಬರೆದಳು:
‘ಅಜ್ಜ ನನಗೆ ಗೋಡೆ ಕಟ್ಟುವುದನ್ನು ಕಲಿತ.’

ಮಿಸ್ ಪಿಕರ್ಸ್‌ಗಿಲ್ ಕೆಂಪು ಗೀಟು ಎಳೆದರು.
ಕಲಿಯುವುದು ನೀನು, ಕಲಿಸುವುದು ಅವರು.
ಲರ್ನ್ ಬೇರೆ, ಟೀಚ್ ಬೇರೆ.
ಹತ್ತು ಸಲ ಬರೆದು ತಾ.

ನಮಗಾದರೆ ಎಷ್ಟು ಸುಲಭ!
ಕಲಿ ಎಂಬುದರ ಬಾಲಕ್ಕೊಂದು ‘ಸು’ ಕಟ್ಟಿದರೆ ಸಾಕು,
ಚಾಪೆಯಲ್ಲಿ ಕೂತಿದ್ದವನು ಎದ್ದು ಕುರ್ಚಿಗೆ ಹೋಗುತ್ತಾನೆ.
ಆ ಕಣಿವೆಯ ಬಾಯಿಗೆ ಅಂಥ ‘ಸು’ ದಕ್ಕಲಿಲ್ಲ.
ಕೊಟ್ಟವನಿಗೂ ಪಡೆದವನಿಗೂ ಒಂದೇ ಮಾತು,
ಇಬ್ಬರೂ ಒಂದೇ ಲೋಟದಲ್ಲಿ ಚಹಾ ಕುಡಿದ ಹಾಗೆ.

ಎನಾಕ್ ಆಲ್ಡರ್‌ಸನ್ ಕೆಂಪು ಗೀಟನ್ನು
ದೂರ ಹಿಡಿದು, ಹತ್ತಿರ ಹಿಡಿದು ನೋಡಿದ.
‘ಸರಿಯೇ ಇರಬೇಕು, ಓದಿದವಳು’ ಅಂದ.
ಆಮೇಲೆ, ಕುರಿ ಹಾರಿ ಕೆಡವಿದ ಕಂಡಿಯ ಮುಂದೆ
ಮೊಮ್ಮಗಳ ಜೊತೆ ಮಂಡಿಯೂರಿದ.

ಎರಡರ ಮೇಲೆ ಒಂದು, ಒಂದರ ಮೇಲೆ ಎರಡು.
ಎತ್ತಿದ ಕಲ್ಲನ್ನು ಕೆಳಗಿಡಬೇಡ, ಅದರ ಜಾಗ ಹುಡುಕು.
ಇಷ್ಟೇ ಅವನ ಪಠ್ಯ.
ಆಚೆಗೊಂದು ಮುಖ, ಈಚೆಗೊಂದು ಮುಖ, ನಡುವೆ ಚೂರುಗಲ್ಲು;
ಎದೆ ತುಂಬುವುದು ಅನ್ನುತ್ತಾರೆ ಅದಕ್ಕೆ.
ಎದೆ ಪೊಳ್ಳಾದರೆ ಮೂರು ಚಳಿಗಾಲದಲ್ಲಿ ಗೋಡೆ ಹೊಟ್ಟೆ ಬಿಡುತ್ತದೆ.
(ಪಾಠವನ್ನೂ ಆ ಜನ ಎದೆಯಿಂದ ಒಪ್ಪಿಸುತ್ತಾರಂತೆ.
ನಾವು ಬಾಯಿಪಾಠದವರು.)

ಕಲ್ಲಿನಡಿ ಹೆಬ್ಬೆರಳು ಸಿಕ್ಕಿ ಹುಡುಗಿ ಕಿರುಚಿದಾಗ
‘ಹಾಂ, ಈಗ ಕಲಿತಿತು ನೋಡು ನಿನಗೆ!’ ಅಂದ ಮುದುಕ,
ಅನ್ನುತ್ತಲೇ ಆ ಬೆರಳನ್ನು ತನ್ನ ಕಂಕುಳಲ್ಲಿಟ್ಟು ಬೆಚ್ಚಗೆ ಮಾಡಿದ.
ಬುದ್ಧಿ ಕಲಿಸ್ತೀನಿ ಅಂತ ನಮ್ಮಲ್ಲೂ ಗದರುವುದುಂಟು,
ಬೆರಳನ್ನು ಆಮೇಲೆ ಯಾರು ಹಿಡಿಯುತ್ತಿದ್ದರೋ ನೆನಪಿಲ್ಲ.

ಹುಡುಗಿ ಎಡಚಿ.
ಅಜ್ಜ ಅರವತ್ತು ವರ್ಷ ಬಲಕ್ಕೇ ತಿರುಗಿಸಿ ಸೋತು ಎಸೆದಿದ್ದ
ಮೊಂಡು ಕಲ್ಲೊಂದನ್ನು ಅವಳು ಎಡಕ್ಕೆ ಹೊರಳಿಸಿದಳು.
ಅದು ಕೂತಿತು,
ಬೆಕ್ಕು ಕೂತ ಹಾಗೆ.
ಎನಾಕ್ ತುಂಬಾ ಹೊತ್ತು ಆ ಕಲ್ಲನ್ನೇ ನೋಡಿದ.
ಅಜ್ಜ ಕಲಿತ. ಗೀಟಿನ ಕೆಳಗಿನ ವಾಕ್ಯದಲ್ಲಿ
ನನಗಂತೂ ಈಗ ತಪ್ಪು ಕಾಣುವುದಿಲ್ಲ.

ಫೆಬ್ರವರಿಯಲ್ಲಿ ಶಾಲೆಯಿಂದ ಮನೆಗೊಂದು ಕಾರ್ಡು,
ಮಿಸ್ ಪಿಕರ್ಸ್‌ಗಿಲ್ ಅವರದೇ ದುಂಡನೆಯ ಅಕ್ಷರ:
ನಿಮ್ಮ ತಂದೆಯವರ ಸುದ್ದಿಯನ್ನು ‘ಲರ್ನ್’ ಮಾಡಿ ಬಹಳ ದುಃಖವಾಯಿತು.
ಸೋಮವಾರ ಹೆಸ್ಟರ್ ಅದನ್ನು ಟೇಬಲ್ಲಿನ ಮೇಲಿಟ್ಟಳು.
‘ಮಿಸ್, ಇಲ್ಲಿ ಕಲಿಸಿದ್ದು ಯಾರು?’
‘ಇಲ್ಲಿ ಅದರರ್ಥ ತಿಳಿಯುವುದು ಅಂತ, ಮಗೂ.
ಯಾರೂ ಕಲಿಸಬೇಕಿಲ್ಲ. ಸುಮ್ಮನೆ…’
ಕೆಂಪು ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು.

ಶನಿವಾರ ಕಂಡಿ ಇನ್ನೂ ಅರ್ಧವೇ ಮುಚ್ಚಿತ್ತು.
ಪೇಟೆಯ ಬೂಟು ಹಾಕಿಕೊಂಡು ಹಿಮಗೆಸರಿನಲ್ಲಿ ಬಂದರು ಅವರು.
ಹುಡುಗಿ ತಿರುಗಿ ನೋಡಲಿಲ್ಲ, ಎದೆ ತುಂಬುತ್ತಿದ್ದಳು.
ಏನನ್ನಬೇಕೋ ತೋಚದೆ ಮಿಸ್ ಒಂದು ಕಲ್ಲು ಎತ್ತಿದರು,
ಅಲ್ಲಿಟ್ಟರು, ಅಲುಗಿತು. ಇಲ್ಲಿಟ್ಟರು, ಜಾರಿತು.
ಬಗ್ಗಿ ಹುಲ್ಲಿನ ಮೇಲೆ ಇಡಹೊರಟರು.

‘ಕೆಳಗಿಡಬೇಡಿ’ ಅಂದಳು ಹೆಸ್ಟರ್.