ಸಾಹೇಬ್ರು ಬರೂಕಿಂತ ಮೊದಲ

ಸೋಮವಾರ ಬೆಂಕಿ ತಗದ್ವಿ.
ಅವಸರ ಮಾಡಿ ನೀರು ಹೊಡೀಬ್ಯಾಡ, ತಾನ ಆರ್ಲಿ,
ಕಾದ ಮಣ್ಣಿನ ಹಂಚಿಗೆ ತಣ್ಣೀರು ಉಗ್ಗಿದರ ಏನಾಗತೈತಿ
ರೊಟ್ಟಿ ಬಡಿಯಾಕಿಗೆ ಕೇಳು — ಅಂತಿದ್ದ ರಾಜೇಸಾಬ ಕಾಕಾ.
ಆರಿತು ಎರಡು ದಿನ.
ಬನಹಟ್ಟಿಯ ಬಣ್ಣದ ಮನಿಯಾಗ
ಕೆಂಪು ಕುದೀಲಿಲ್ಲ, ಹಸರು ಕುದೀಲಿಲ್ಲ,
ನೂಲಿನ ಲಡಿ ಬಿಳೇವಾಗೇ ಗಳಕ್ಕ ಜೋತು ಬಿದ್ದಿದ್ದವು.
ಓಣ್ಯಾಗ ಮಗ್ಗ ಮಾತ್ರ ಖಟಕ್ ಖಟಕ್,
ಹಳೇ ಬಣ್ಣ ತಿನ್ನಕೋತ.

ಬುಧವಾರ ಬಿಚ್ಚಿದ್ವಿ.
ಸೇಫ್ಟಿ ವಾಲ್ವು, ಗೇಜಿನ ಗಾಜು, ಸೀಸದ ಪ್ಲಗ್ಗು
ಗೋಣಿಚೀಲದ ಮ್ಯಾಲ ಹಾಸಿ
ಚಿಮಣಿ ಎಣ್ಣ್ಯಾಗ ತೊಳದ್ವಿ.
ಸ್ಟೀಮಿನ ಪೈಪಿಗೆ ತೂತಿಲ್ಲದ ತಗಡು ಬಿಗದು
ಮ್ಯಾನ್‌ಹೋಲಿನ ಮುಚ್ಚಳ ಇಳಿಸಿದಾಗ
ಒಂದು ವಾಸನಿ ಬಂತು —
ಬಾವೀದಲ್ಲ, ಹಂಡೇದಲ್ಲ,
ವರ್ಷಗಟ್ಟಲೆ ಮಾತಾಡದವರ ಬಾಯಿದು.

ಸಣಕಲು ಅಂತ ಊರು ನಕ್ಕ ಮೈ ನಂದು,
ಇದೊಂದಕ್ಕ ಲಾಯಕ್ಕು.
ನಡಕ್ಕ ಹಗ್ಗ, ಕೈಯಾಗ ಇಪ್ಪತ್ನಾಕು ವೋಲ್ಟಿನ ದೀಪ,
ಒಂದು ತೋಳು ಮೊದಲ, ತಲಿ ಆಮ್ಯಾಲ, ಉಳದದ್ದು ಹೆಂಗೋ.
ಹಗ್ಗದ ಇನ್ನೊಂದು ತುದಿ ಶಿವಲಿಂಗವ್ವನ ಮುಂಗೈಗೆ.
ಲಡಿ ಹಿಂಡಿ ಹಿಂಡಿ ಮೊಳಕೈತನಕ ನೀಲಿಯಾದ ಕೈ ಅದು.
"ಅದೀಯೇನೋ?" ಅಂತಾಳ, ಎಲಿಅಡಿಕಿ ಅಗಕೋತ.
ಉಳಿಲೆ ಎರಡು ಸಲ ಬಡೀತೀನಿ,
ಅದೀನಿ ಅಂತ.

ಒಳಗ ಬೋರಿನ ನೀರು ಬಿಟ್ಟು ಹೋದ ಸುಣ್ಣ,
ನಳಿಗೆ ನಳಿ ಹಕ್ಕಳೆಗಟ್ಟೇತಿ.
ಹೆರದೆ. ಹೆರದೆ. ಬೆವರಿಗೆ ಪುಡಿ ಹತ್ತಿ
ನಾನೂ ಒಂದು ನಳಿ ಆದೆ.
ಕಬ್ಬಿಣ ಕಂಡ ಮ್ಯಾಲ ಸುತ್ತಿಗಿ ಹಿಡದು ಕೇಳಕೋತ ಹೋದೆ,
ಸಂತ್ಯಾಗ ಕೊಡ ಕೊಳ್ಳಾಕಿ
ಗೆಣ್ಣಿಲೆ ಬಾರಿಸಿ ಕೇಳ್ತಾಳಲ್ಲ, ಹಂಗ.
ಠಣ್. ಠಣ್. ಠಣ್.
ತಳದ ಎಡಕ, ರಾಡಿ ಕೂಡ್ರೋ ಮೂಲ್ಯಾಗ,
ಥಪ್.
ಇನ್ನೊಮ್ಮೆ ಬಡದೆ. ಕೇಳಲಿಲ್ಲಂತಲ್ಲ,
ಕೇಳಾಕ ಮನಸ್ಸಿರಲಿಲ್ಲಂತ.
ಥಪ್.

ಸಾವಕಾರ್ರು ತೂತಿಗೆ ಮಾರಿ ಹಚ್ಚಿ ಅಂದ್ರು:
"ಲಗ್ನದ ಆರ್ಡರು ಐತಿ, ಗೊತ್ತಿಲ್ಲೇನು?
ಅಷ್ಟ ಜಾಗಾಕ ಒಂದೀಟು ಬಣ್ಣ ಬಳದು ಬಿಡು,
ಸಾಹೇಬ್ರೇನು ಎಲ್ಲಾ ಕಡೆ ಬಡೀತಾರ?"
ಅವರ ದನಿ ಒಳಗ ಸುತ್ತಾಡಿ ಬಂತು,
ನಾಕು ಮಂದಿ ಸಾವಕಾರ್ರು ಕೂಡಿ ಅಂದಂಗ.

ರಾಜೇಸಾಬ ಕಾಕಾಗ ಬಲಗಿವಿ ಕೇಳ್ತಿರಲಿಲ್ಲ.
ಯಾಕಂತ ಕೇಳಿದ್ರ ಯಾವುದೋ ಗಿರಣಿ ಹೆಸರು ಹೇಳಿ
ಎಡಗಿವಿ ತಿರುವಿ,
"ಹೂಂ, ನಿಂದೇನು ಹೇಳು" ಅಂತಿದ್ದ.

ಚಣ್ಣದ ಕಿಸೇದಾಗ ಖಡುವಿನ ತುಂಡಿತ್ತು,
ಮಗಳ ಪಾಟಿಚೀಲದ್ದು.
ಥಪ್ ಅಂದಲ್ಲಿ ಸುತ್ತಲೂ ಒಂದು ಗುಂಡು ಹಾಕಿದೆ.
ಕೈ ನಡುಗಿ ಗುಂಡಾಗಲಿಲ್ಲ, ಬದನಿಕಾಯಿ ಆತು.
"ಅದೀಯೇನೋ?"
ಬಡದೆ.

ಶುಕ್ರವಾರ ಬೆಳಗಾವಿಯಿಂದ ಸಾಹೇಬ್ರು ಬಂದ್ರು,
ಚಾ ಒಲ್ಲೆ ಅಂದು ಸೀದಾ ತಲಿ ಒಳಗ ಹಾಕಿದ್ರು.
"ಇದ್ಯಾರು ಬರದದ್ದು?"
ಯಾರೂ ಮಾತಾಡಲಿಲ್ಲ. ಸಾವಕಾರ್ರು ಮೊಬೈಲ್ ನೋಡಿದ್ರು.
ತಾವೂ ಬಡದು, ದಪ್ಪ ಅಳದು,
ಇಷ್ಟು ಕೊರದು ಹೊಸಾ ತಗಡು ಬೆಸೀರಿ,
ಅಲ್ಲೀತನಕ ಬೆಂಕಿ ಇಲ್ಲ, ಅಂತ ಬರದು ಹೋದ್ರು.

ಮೂರು ವಾರ.
ಲಗ್ನದ ಆರ್ಡರು ಇಚಲಕರಂಜಿಗೆ ಹೋತು.
ನನ್ನ ಪಗಾರ ಅರ್ಧ ಆತು, ಶಿವಲಿಂಗವ್ವಂದು ಪೂರಾ ನಿಂತು
ಆಕಿ ಕಬ್ಬಿನ ಕಸಾ ತಗಿಯಾಕ ಹೋದ್ಲು.

ಬೆಸುಗಿ ಆದ ಮ್ಯಾಲ ಸಾಹೇಬ್ರು ತಿರಗಿ ಬಂದ್ರು.
ಕಂಠಮಟ ತಣ್ಣೀರು ತುಂಬಿ ಕೈಪಂಪು ಒತ್ತಿದೆ.
ಮುಳ್ಳು ಹತ್ತೂವರಿಗೆ ಏರಿ ಅರ್ಧ ತಾಸು ಅಲ್ಲೇ ನಿಂತಿತ್ತು,
ಒಂದು ಹನಿ ಜಿನುಗಲಿಲ್ಲ.
ಸಾಹೇಬ್ರು ಸಹಿ ಮಾಡಿದ್ರು. ಈ ಸಲ ಚಾ ಕುಡದ್ರು.

ಬೆಂಕಿ ಹಾಕಿದ ದಿನ ಆಕಿ ಬಂದ್ಲು.
ಕೈಯಾಗಿನ ನೀಲಿ ಕರಗಿ
ಉಗುರಿನ ಸಂದ್ಯಾಗಷ್ಟ ಉಳದಿತ್ತು.
ನನ್ನ ಕೂಡ ಮಾತಿಲ್ಲ.
ಗುಂಡಿ ಕುದ್ದಿತು, ಲಡಿ ಇಳಿಸಿ ಹಿಂಡಾಕ ಕುಂತ್ಲು.
ನಾ ಸಲಿಕಿಯಿಂದ ಒಲಿಬಾಗಲಕ್ಕ
ಎರಡು ಸಲ ಬಡದೆ.
ಬಾಳ ಹೊತ್ತು ಆಕಿ ತಿರಗಲಿಲ್ಲ.
ಆಮ್ಯಾಲ, ಎಲಿಅಡಿಕಿ ಉಗುಳಿ,
"ಕೇಳೇತಿ ತಗೋ" ಅಂದ್ಲು.